ಅರವತ್ತು ಡಿಗ್ರಿ ದಕ್ಷಿಣ: ನೆಲವಿಲ್ಲದ ವೃತ್ತದ ಭೂಗೋಳ

(ತುಮಕೂರು ಜಿಲ್ಲೆಯ ನಿಟ್ಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟ ಮನೆಯವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟರು. ಹೊಯ್ಸಳರ ಕಾಲದ ಬಸದಿ ಇರುವ ಊರು ಇದು. ಶಿಲ್ಪದ ಬಗ್ಗೆ ಮಾತನಾಡಬಹುದಿತ್ತು. ತೆಂಗು ಅಡಿಕೆಯ ಸೀಮೆ ಇದು. ತೋಟದ ಬಗ್ಗೆ ಮಾತನಾಡಬಹುದಿತ್ತು. ನಾನು ಆರಿಸಿಕೊಂಡದ್ದು ಇಲ್ಲಿಂದ ನೇರ ದಕ್ಷಿಣಕ್ಕೆ ಸುಮಾರು 8,150 ಕಿಲೋಮೀಟರ್ ದೂರದಲ್ಲಿ, ಒಂದು ಅಂಗೈಯಗಲ ನೆಲವೂ ಇಲ್ಲದೆ ಬರೀ ನೀರಿನ ಮೇಲೆ ಸುತ್ತುವ ಒಂದು ವೃತ್ತವನ್ನು: 60 ಡಿಗ್ರಿ ದಕ್ಷಿಣ ಅಕ್ಷಾಂಶ. ಯಾರೂ ವಾಸಿಸದ ಆ ಗೆರೆಯ ಬಗ್ಗೆ ಇಲ್ಲಿ ಮಾತನಾಡಲು ಕಾರಣವಿದೆ. ಆ ಗೆರೆಯಿಂದಾಚೆಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಜಗತ್ತು ಒಪ್ಪಂದ ಮಾಡಿಕೊಂಡಿದೆ. ನಮ್ಮ ಸಂಸತ್ತೂ ಅದರ ಬಗ್ಗೆ ಕಾನೂನು ಮಾಡಿದೆ. ಅಂದಮೇಲೆ ಅದರಲ್ಲಿ ನಿಟ್ಟೂರಿನ ಪಾಲೂ ಇದೆ.

ಮೊದಲು ದಾರಿ ಹೇಳುತ್ತೇನೆ. ನಿಟ್ಟೂರು ಇರುವುದು 13 ಡಿಗ್ರಿ ಉತ್ತರಕ್ಕೆ ಸ್ವಲ್ಪ ಮೇಲೆ, 77 ಡಿಗ್ರಿ ಪೂರ್ವಕ್ಕೆ ಸ್ವಲ್ಪ ಈಚೆ. ಈ ರೇಖಾಂಶವನ್ನು ಬಿಡದೆ ದಕ್ಷಿಣಕ್ಕೆ ನಡೆದರೆ ಮಂಡ್ಯ, ಚಾಮರಾಜನಗರಗಳ ಆಸುಪಾಸಿನಲ್ಲಿ ಹಾದು, ಕೊಯಮತ್ತೂರನ್ನು ಎಡಕ್ಕೆ ಬಿಟ್ಟು, ತಿರುವನಂತಪುರದ ಹತ್ತಿರ ಸಮುದ್ರ ಸೇರುತ್ತೇವೆ. ಸೇರುವ ಜಾಗವೂ ಹೆಸರಾಂತದ್ದೇ. 1963ರಲ್ಲಿ ನಮ್ಮ ದೇಶದ ಮೊದಲ ರಾಕೆಟ್ ಹಾರಿದ ತುಂಬಾ ಅಲ್ಲೇ ಇದೆ. ಅಲ್ಲಿಂದ ಮುಂದೆ ನೀರು. ಲಕ್ಷದ್ವೀಪ, ಮಾಲ್ಡೀವ್ಸ್, ಡಿಯೆಗೊ ಗಾರ್ಸಿಯಾ ಎಲ್ಲವೂ ಪಶ್ಚಿಮಕ್ಕೆ ಉಳಿಯುತ್ತವೆ. 38 ಡಿಗ್ರಿ ದಕ್ಷಿಣದ ಹತ್ತಿರ ಫ್ರಾನ್ಸಿಗೆ ಸೇರಿದ ಆಮ್ಸ್ಟರ್ಡಾಮ್ ಮತ್ತು ಸೇಂಟ್ ಪಾಲ್ ಎಂಬ ಎರಡು ಪುಟ್ಟ ದ್ವೀಪಗಳು ಪೂರ್ವಕ್ಕೆ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿ ತಪ್ಪಿಹೋಗುತ್ತವೆ. ಕೆರ್ಗುಲೆನ್ ಮತ್ತು ಹರ್ಡ್ ದ್ವೀಪಗಳೂ ಪಶ್ಚಿಮಕ್ಕೇ. ಕೇರಳದ ದಡ ಬಿಟ್ಟ ಮೇಲೆ ಈ ರೇಖೆಗೆ ಸಿಗುವ ಮೊದಲ ನೆಲ ಅಂಟಾರ್ಕ್ಟಿಕಾದ ಇಂಗ್ರಿಡ್ ಕ್ರಿಸ್ಟೆನ್ಸನ್ ಕರಾವಳಿ. ಅಲ್ಲಿ ನಮ್ಮವರೇ ಕಟ್ಟಿದ ಒಂದು ಕಟ್ಟಡವಿದೆ. 2012ರ ಮಾರ್ಚ್‌ನಲ್ಲಿ ಶುರುವಾದ ಭಾರತಿ ಸಂಶೋಧನಾ ಕೇಂದ್ರ ಅದು. 69 ಡಿಗ್ರಿ 24 ಮಿನಿಟ್ ದಕ್ಷಿಣ, 76 ಡಿಗ್ರಿ 11 ಮಿನಿಟ್ ಪೂರ್ವ. ಅಂದರೆ ಹೆಚ್ಚುಕಡಿಮೆ ಅರಸೀಕೆರೆಯ ರೇಖಾಂಶ. ನಮ್ಮ ರೈಲು ದಾರಿಯ ಅರಸೀಕೆರೆಗೂ ನಿಟ್ಟೂರಿಗೂ ನೇರ ಅಂತರ ಸುಮಾರು 65 ಕಿಲೋಮೀಟರ್. ಇದೇ ಎರಡು ರೇಖಾಂಶಗಳ ನಡುವಿನ ಅಂತರ ಭಾರತಿ ಇರುವ ಕಡೆ ಸುಮಾರು 24 ಕಿಲೋಮೀಟರಿಗೆ ಇಳಿದಿರುತ್ತದೆ.

ಯಾಕೆ ಇಳಿಯುತ್ತದೆ ಎಂದು ಚಿಕ್ಕ ತರಗತಿಯ ಮಕ್ಕಳು ಕೇಳಬಹುದು. ಒಂದು ತೆಂಗಿನಕಾಯಿಗೆ ಅಡ್ಡಲಾಗಿ ಸುತ್ತಲೂ ಸುಣ್ಣದ ಗೆರೆ ಎಳೆಯಿರಿ. ನಡುವಿನ ಗೆರೆ ದೊಡ್ಡದು, ಕಣ್ಣಿನ ಕಡೆಗೆ ಸರಿದಷ್ಟೂ ಗೆರೆ ಚಿಕ್ಕದು. ಸಮಭಾಜಕ ವೃತ್ತದ ಸುತ್ತಳತೆ ಸುಮಾರು 40 ಸಾವಿರ ಕಿಲೋಮೀಟರ್. 60 ಡಿಗ್ರಿಯ ವೃತ್ತದ್ದು ಸರಿಯಾಗಿ ಅರ್ಧ, 20 ಸಾವಿರ.

ಈಗ ಗೋಳವನ್ನು ತಿರುಗಿಸಿ ಉತ್ತರದ 60 ಡಿಗ್ರಿಯನ್ನು ನೋಡಿ. ಓಸ್ಲೋ, ಹೆಲ್ಸಿಂಕಿ, ಸೇಂಟ್ ಪೀಟರ್ಸ್‌ಬರ್ಗ್ ಮೂರೂ ಆ ಗೆರೆಗೆ ಅಂಟಿಕೊಂಡಂತೆ ಕೂತಿವೆ. ರಷ್ಯಾ, ಕೆನಡಾ, ಅಲಾಸ್ಕ, ಗ್ರೀನ್‌ಲ್ಯಾಂಡಿನ ತುದಿ ಎಲ್ಲವೂ ಆ ಗೆರೆಯ ಮೇಲಿವೆ. ದಕ್ಷಿಣದ ಅದೇ ಅಂಕೆಯಲ್ಲಿ ಒಂದು ಬಂಡೆಯೂ ಇಲ್ಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ 56 ಡಿಗ್ರಿಯಲ್ಲೇ ಮುಗಿದುಹೋಗುತ್ತದೆ. ದಕ್ಷಿಣ ಶೆಟ್ಲಂಡ್ ದ್ವೀಪಗಳು 61 ದಾಟಿದ ಮೇಲೆ ಶುರು. ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಮಾಲೆಯ ಕೊನೆಯ ದ್ವೀಪ 59 ಡಿಗ್ರಿ 27 ಮಿನಿಟಿನಲ್ಲಿದೆ. ದಕ್ಷಿಣ ಆರ್ಕ್ನಿ ದ್ವೀಪಗಳು 60 ಡಿಗ್ರಿ 30 ಮಿನಿಟಿನ ಕೆಳಗಿವೆ. ಈ ಎರಡರ ನಡುವಿನ ಸಂದಿಯಲ್ಲಿ ನಮ್ಮ ವೃತ್ತ ಯಾವ ನೆಲವನ್ನೂ ಮುಟ್ಟದೆ ನುಸುಳಿ ಹೋಗುತ್ತದೆ.

ನೆಲದ ಅಡ್ಡಿ ಇಲ್ಲದ್ದರಿಂದಲೇ ಅಲ್ಲಿಯ ನೀರಿಗೂ ಗಾಳಿಗೂ ಬೇರೆಲ್ಲೂ ಇಲ್ಲದ ಬಲ. ಅಂಟಾರ್ಕ್ಟಿಕಾದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವ ಸಾಗರ ಪ್ರವಾಹ ಭೂಮಿಯ ಮೇಲಿನ ಅತಿ ದೊಡ್ಡ ಪ್ರವಾಹ. ಡ್ರೇಕ್ ಜಲಮಾರ್ಗದಲ್ಲಿ ಅದು ಸೆಕೆಂಡಿಗೆ 13 ಕೋಟಿ ಘನ ಮೀಟರಿಗೂ ಹೆಚ್ಚು ನೀರನ್ನು ಒಯ್ಯುತ್ತದೆ. ಜಗತ್ತಿನ ಎಲ್ಲ ನದಿಗಳನ್ನೂ ಒಟ್ಟು ಮಾಡಿದರೂ ಇದರ ನೂರನೆಯ ಒಂದು ಪಾಲಿನ ಸುತ್ತಮುತ್ತಲೇ ನಿಲ್ಲುತ್ತದೆ. ದಕ್ಷಿಣ ಅಮೆರಿಕ ಅಂಟಾರ್ಕ್ಟಿಕಾದಿಂದ ಬೇರೆಯಾಗಿ ಈ ದಾರಿ ತೆರೆದುಕೊಂಡ ಮೇಲೆ, ಬೆಚ್ಚಗಿನ ನೀರು ಆ ಖಂಡದ ಹತ್ತಿರ ಸುಳಿಯುವುದು ಕಷ್ಟವಾಯಿತು. ಆ ಖಂಡ ಹಿಮ ಹೊದ್ದದ್ದು ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಈ ಪ್ರವಾಹ ಅದಕ್ಕೆ ಎಷ್ಟು ಕಾರಣ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದದ್ದು ಎಷ್ಟು ಕಾರಣ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಆ ನೀರಿನ ಅಡಿಯಲ್ಲಿ ಏನಿದೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಆಪ್ತವಾದ ಸಂಗತಿ. ನಿಟ್ಟೂರಿನ ರೇಖಾಂಶ 60 ಡಿಗ್ರಿ ದಕ್ಷಿಣವನ್ನು ಕತ್ತರಿಸುವ ಕಡೆ ಸಮುದ್ರದ ತಳ ಬಯಲಲ್ಲ, ಮುಳುಗಿದ ಒಂದು ಪ್ರಸ್ಥಭೂಮಿ. ಕೆರ್ಗುಲೆನ್ ಪ್ರಸ್ಥಭೂಮಿಯ ದಕ್ಷಿಣದ ಭಾಗ ಅದು. ಒಂದಾನೊಂದು ಕಾಲದಲ್ಲಿ ನಾವು ನಿಂತಿರುವ ಈ ನೆಲ ಮತ್ತು ಅಂಟಾರ್ಕ್ಟಿಕಾ ಒಂದೇ ಗೊಂಡ್ವಾನ ಖಂಡದಲ್ಲಿ ಅಕ್ಕಪಕ್ಕ ಇದ್ದವು. ಸುಮಾರು 13 ಕೋಟಿ ವರ್ಷಗಳ ಹಿಂದೆ ಅವು ಬಿರಿದು ದೂರವಾಗತೊಡಗಿದವು. ಆ ಬಿರುಕಿನ ಆಸುಪಾಸಿನಲ್ಲಿ ಭೂಮಿಯ ಆಳದಿಂದ ಉಕ್ಕಿದ ಲಾವಾ ಜಾರ್ಖಂಡಿನ ರಾಜಮಹಲ್ ಬೆಟ್ಟಗಳನ್ನೂ ಕಟ್ಟಿತು, ಈ ಕೆರ್ಗುಲೆನ್ ಪ್ರಸ್ಥಭೂಮಿಯನ್ನೂ ಕಟ್ಟಿತು. ಸಾಗರ ತಳವನ್ನು ಕೊರೆದು ತೆಗೆದ ಮಾದರಿಗಳಲ್ಲಿ ಮರದ ಚೂರುಗಳೂ ಬೀಜಗಳೂ ಸಿಕ್ಕಿವೆ. ಇಂದು ನೀರಿನಡಿ ಇರುವ ಆ ನೆಲದ ಭಾಗಗಳು ಒಮ್ಮೆ ಸಮುದ್ರದ ಮೇಲಿದ್ದವು, ಅಲ್ಲಿ ಕಾಡು ಬೆಳೆದಿತ್ತು. ಭಾರತಿ ಕೇಂದ್ರ ಇರುವ ಲಾರ್ಸ್‌ಮನ್ ಬೆಟ್ಟಗಳ ಶಿಲೆಗಳನ್ನು ನಮ್ಮ ಭೂವಿಜ್ಞಾನಿಗಳು ಪೂರ್ವ ಘಟ್ಟಗಳ ಶಿಲೆಗಳ ಜೊತೆ ಇಟ್ಟು ಓದುತ್ತಾರೆ, ಬೇರೆಯಾದ ಒಂದೇ ನೆಲದ ಎರಡು ತುಂಡುಗಳು ಅವು ಎಂಬ ಕಾರಣಕ್ಕೆ. ಹಾಗಾಗಿ 60 ಡಿಗ್ರಿಯನ್ನು ನೆಲವಿಲ್ಲದ ವೃತ್ತ ಎಂದು ಕರೆಯುವಾಗ ಒಂದು ಮಾತು ಸೇರಿಸಬೇಕು: ನೆಲ ಇದೆ, ಮುಳುಗಿದೆ.

ಆಕಾಶದ ಲೆಕ್ಕವೂ ಅಷ್ಟೇ ಸೊಗಸು. ಡಿಸೆಂಬರ್ 21 ಅಥವಾ 22ರಂದು ಸೂರ್ಯ ಮಕರ ಸಂಕ್ರಾಂತಿ ವೃತ್ತದ ನೆತ್ತಿಯ ಮೇಲಿರುತ್ತಾನೆ, 23.4 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿಂದ ನಿಟ್ಟೂರು ಉತ್ತರಕ್ಕೆ ಸುಮಾರು 36.7 ಡಿಗ್ರಿ; 60 ಡಿಗ್ರಿಯ ವೃತ್ತ ದಕ್ಷಿಣಕ್ಕೆ 36.6 ಡಿಗ್ರಿ. ಅಂದರೆ ಆ ದಿನ ಸೂರ್ಯ ನಮಗೂ ಆ ಗೆರೆಗೂ ಸರಿಯಾಗಿ ನಡುವೆ ನಿಂತಿರುತ್ತಾನೆ. ಆ ಮಧ್ಯಾಹ್ನ ಇಲ್ಲಿ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟರೆ ನೆರಳು ಉತ್ತರಕ್ಕೆ ಸುಮಾರು 75 ಸೆಂಟಿಮೀಟರ್ ಬೀಳುತ್ತದೆ. ನಮ್ಮದೇ ರೇಖಾಂಶದಲ್ಲಿ, ಆ ವೃತ್ತದ ಮೇಲೆ ಹಡಗು ನಿಲ್ಲಿಸಿ ಅದೇ ಕೋಲು ಹಿಡಿದರೆ, ಅದೇ ಕ್ಷಣದಲ್ಲಿ, ಅಷ್ಟೇ ಉದ್ದದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಾವು ದಕ್ಷಿಣಕ್ಕೆ ಮುಖ ಮಾಡಿ ನೋಡುವ ಸೂರ್ಯನನ್ನು ಹಡಗಿನವರು ಉತ್ತರಕ್ಕೆ ಮುಖ ಮಾಡಿ ಅದೇ ಎತ್ತರದಲ್ಲಿ ನೋಡುತ್ತಾರೆ. ವಿಜ್ಞಾನ ಅಧ್ಯಾಪಕರಲ್ಲಿ ಒಂದು ವಿನಂತಿ: ಈ ಡಿಸೆಂಬರ್‌ನಲ್ಲಿ ಮಕ್ಕಳ ಕೈಯಲ್ಲಿ ಇದನ್ನು ಅಳೆಸಿ. ಗಡಿಯಾರ 12 ತೋರಿಸಿದಾಗ ಅಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವದ್ದು, ನಮ್ಮ ನಡುಹಗಲು ಅಷ್ಟು ತಡ. ನೆರಳು ಸಮವಾದರೂ ಹಗಲು ಸಮವಲ್ಲ: ಅಂದು ನಿಟ್ಟೂರಿಗೆ ಸುಮಾರು 11 ಗಂಟೆ 20 ನಿಮಿಷದ ಹಗಲು, ಆ ವೃತ್ತಕ್ಕೆ ಸುಮಾರು 19 ಗಂಟೆ.

ಇನ್ನು ಮನುಷ್ಯರ ಮಾತಿಗೆ ಬರೋಣ. ನಮ್ಮ ಅಕ್ಷಾಂಶದಲ್ಲಿ ಗೆರೆಗಳನ್ನು ನೆಲದ ಮೇಲೆ ನಡೆದು ಅಳೆದಿದ್ದಾರೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಎಳೆಸಿ ಆಧಾರ ರೇಖೆ ಅಳೆದರು. 1802ರಲ್ಲಿ ಮದರಾಸಿನಿಂದ ಶುರುಮಾಡಿದ ತ್ರಿಕೋನಗಳ ಸಾಲನ್ನು ಹೆಚ್ಚುಕಡಿಮೆ 13 ಡಿಗ್ರಿಯ ಗುಂಟ ನಮ್ಮ ಮೈಸೂರು ಸೀಮೆಯ ಮೇಲೆ ಮಂಗಳೂರಿನವರೆಗೆ ಒಯ್ದರು. 400 ಮೈಲಿ ಎಂದು ನಂಬಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿ ಮಾತ್ರ ಎಂದು ತಿಳಿದದ್ದು ಆಗ. ದಕ್ಷಿಣದ 60ರಲ್ಲಿ ಸರಪಳಿ ಎಳೆಯಲು ನೆಲವಿಲ್ಲ. ಜೇಮ್ಸ್ ಕುಕ್ ತಮ್ಮ ಎರಡನೆಯ ಯಾನದಲ್ಲಿ, 1772ರಿಂದ 1775ರವರೆಗೆ, ಆ ಸಮುದ್ರಗಳನ್ನು ಸುತ್ತಿದರು. 1773ರ ಜನವರಿ 17ರಂದು ಅಂಟಾರ್ಕ್ಟಿಕ್ ವೃತ್ತವನ್ನು ಮೊದಲು ದಾಟಿದರು. ಖಂಡ ಅವರಿಗೆ ಕಾಣಲಿಲ್ಲ. ಅವರ ನಂತರ ಹೋದವರಲ್ಲಿ ಸೀಲ್ ಬೇಟೆಗಾರರೂ ತಿಮಿಂಗಿಲ ಬೇಟೆಗಾರರೂ ಇದ್ದರು. ಆ ನೀರು ಮನುಷ್ಯನಿಂದ ಕಂಡ ಮೊದಲ ವ್ಯವಹಾರ ಕೊಲೆಯ ವ್ಯವಹಾರ. ಇದನ್ನು ಮೃದುವಾಗಿ ಹೇಳಲು ನನಗೆ ಮನಸ್ಸಿಲ್ಲ.

ಏಳು ದೇಶಗಳು ಆ ಖಂಡದ ತುಂಡುಗಳು ತಮ್ಮವೆಂದು ಹಕ್ಕು ಹೇಳಿದ್ದವು. ಆಗಷ್ಟೇ ಸ್ವತಂತ್ರವಾಗಿದ್ದ ಭಾರತ 1956ರಲ್ಲಿ ವಿಶ್ವಸಂಸ್ಥೆಯ ಮುಂದೆ ಅಂಟಾರ್ಕ್ಟಿಕಾದ ಪ್ರಶ್ನೆಯನ್ನು ಇಟ್ಟಿತು. ಆ ಪ್ರದೇಶ ಶಾಂತಿಯ ಕೆಲಸಕ್ಕೆ ಮಾತ್ರ ಬಳಕೆಯಾಗಬೇಕು, ಅಣ್ವಸ್ತ್ರ ಪರೀಕ್ಷೆಯ ಕಣವಾಗಬಾರದು ಎಂಬುದು ಅದರ ಹಿಂದಿನ ಕಳಕಳಿ. ಅಲ್ಲಿ ಅದು ಮುಂದುವರಿಯಲಿಲ್ಲ. ಆದರೆ 1959ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕ್ ಒಪ್ಪಂದದಲ್ಲಿ ಈ ಎರಡೂ ಮಾತುಗಳಿವೆ: ಶಾಂತಿಯ ಬಳಕೆ ಮಾತ್ರ, ಅಣು ಸ್ಫೋಟ ನಿಷೇಧ. ಶೀತಲ ಸಮರ ಕಾವೇರಿದ್ದ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಕಾಗದಕ್ಕೆ ಸಹಿ ಹಾಕಿದವು. ಏಳು ದೇಶಗಳ ಹಕ್ಕುಗಳನ್ನು ಒಪ್ಪಲೂ ಇಲ್ಲ, ಅಳಿಸಲೂ ಇಲ್ಲ; ಇದ್ದಲ್ಲೇ ನಿಲ್ಲಿಸಿದರು. ಈ ಒಪ್ಪಂದ ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಆರನೆಯ ವಿಧಿ ಉತ್ತರಿಸುತ್ತದೆ: 60 ಡಿಗ್ರಿ ದಕ್ಷಿಣದಿಂದ ಕೆಳಕ್ಕೆ, ಸಮುದ್ರದ ಮೇಲೆ ಚಾಚಿಕೊಂಡ ಹಿಮದ ಹಾಸುಗಳೂ ಸೇರಿ. ಹಾಗಾಗಿ ದಕ್ಷಿಣ ಆರ್ಕ್ನಿ ಒಳಗೆ, ದಕ್ಷಿಣ ಸ್ಯಾಂಡ್‌ವಿಚ್ ಹೊರಗೆ.

ಈ ದುಂಡು ಅಂಕೆಯನ್ನು ಪ್ರಕೃತಿ ಕೊಟ್ಟದ್ದಲ್ಲ. ಪ್ರಕೃತಿ ಕೊಟ್ಟ ಗೆರೆ ಬೇರೆ ಇದೆ. ದಕ್ಷಿಣದ ತಣ್ಣನೆಯ ನೀರು ಉತ್ತರದ ಬೆಚ್ಚನೆಯ ನೀರಿನಡಿ ಇಳಿಯುವ ಒಂದು ಪಟ್ಟಿ ಅಂಟಾರ್ಕ್ಟಿಕಾದ ಸುತ್ತ ಹಬ್ಬಿದೆ. ಅದನ್ನು ಹಡಗು ದಾಟುವಾಗ ಸ್ವಲ್ಪ ದೂರದಲ್ಲೇ ನೀರಿನ ಉಷ್ಣತೆ ಎರಡು ಮೂರು ಡಿಗ್ರಿ ಕುಸಿಯುತ್ತದೆ. ಹಕ್ಕಿಗಳು ಬದಲಾಗುತ್ತವೆ, ನೀರಿನ ಜೀವಿಗಳು ಬದಲಾಗುತ್ತವೆ. ನಮ್ಮ ಹಿಂದೂ ಮಹಾಸಾಗರದ ಕಡೆ ಈ ಪಟ್ಟಿ ಸುಮಾರು 50 ಡಿಗ್ರಿಯ ಹತ್ತಿರ, ಬೇರೆ ಕಡೆ 60ರ ಹತ್ತಿರ, ಅಂಕುಡೊಂಕಾಗಿ ಸಾಗುತ್ತದೆ. ಕ್ರಿಲ್ ಎಂಬ ಆರು ಸೆಂಟಿಮೀಟರಿನ ಸಿಗಡಿಯಂಥ ಜೀವಿಯನ್ನು ಹಿಡಿಯುವ ಹಡಗುಗಳು ಹೆಚ್ಚಾದಾಗ, 1980ರಲ್ಲಿ, ಅಲ್ಲಿಯ ಜೀವ ಸಂಪತ್ತಿಗೆಂದೇ ಇನ್ನೊಂದು ಒಪ್ಪಂದವಾಯಿತು. ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳಲ್ಲಿ ಹಲವು ಈ ಕ್ರಿಲ್ ತಿಂದೇ ಬದುಕಬೇಕು. ಆ ಒಪ್ಪಂದ 60ಕ್ಕೆ ನಿಲ್ಲದೆ ನೀರು ತಾನೇ ಎಳೆದ ಈ ಗೆರೆಯನ್ನು ಗಡಿಯಾಗಿ ಹಿಡಿಯಿತು. ಎರಡರಲ್ಲಿ ಯಾವುದು ಸರಿಯಾದ ಗೆರೆ? ಜೀವಿಗಳ ರಕ್ಷಣೆಗೆ ನೀರಿನ ಗೆರೆಯೇ ಸರಿ ಎಂದು ನಾನು ನಂಬಿದ್ದೇನೆ. ಆದರೆ ನೀರಿನ ಗೆರೆ ಋತುವಿಗೊಮ್ಮೆ ಸರಿಯುತ್ತದೆ. ನ್ಯಾಯಾಲಯದಲ್ಲಿ, ಹಡಗಿನ ನಾವಿಕನ ಮೇಜಿನ ಮೇಲೆ, ಎಲ್ಲರೂ ಜಗಳವಿಲ್ಲದೆ ಓದಬಲ್ಲ ಅಂಕೆಯೊಂದು ಬೇಕು. 60 ಡಿಗ್ರಿಯ ಬೆಲೆ ಅಲ್ಲಿದೆ. 2011ರ ಆಗಸ್ಟ್ 1ರಿಂದ ಆ ಗೆರೆ ದಾಟುವ ಹಡಗುಗಳು ಭಾರವಾದ ಕಪ್ಪು ಇಂಧನ ತೈಲವನ್ನು ಬಳಸುವಂತಿಲ್ಲ, ಹೊತ್ತೊಯ್ಯುವಂತೆಯೂ ಇಲ್ಲ. ಇಂಥ ನಿಯಮವನ್ನು ಸರಿದಾಡುವ ಗೆರೆಯ ಮೇಲೆ ನಿಲ್ಲಿಸಲಾಗದು.

ಗೆರೆ ಎಳೆದರೆ ಸಮುದ್ರದ ಆಳವೂ ಬದಲಾಗುತ್ತದೆ. ದಕ್ಷಿಣ ಮಹಾಸಾಗರ ಎಂಬ ಐದನೆಯ ಸಾಗರಕ್ಕೆ 60 ಡಿಗ್ರಿಯನ್ನೇ ಉತ್ತರದ ಮೇರೆಯಾಗಿ ಹಿಡಿದರೆ, ದಕ್ಷಿಣ ಸ್ಯಾಂಡ್‌ವಿಚ್ ಕಂದಕದ 8,200 ಮೀಟರ್ ದಾಟಿದ ಆಳ ಅಟ್ಲಾಂಟಿಕ್ಕಿನ ಲೆಕ್ಕಕ್ಕೆ ಹೋಗುತ್ತದೆ. ಅದೇ ಕಂದಕದ ದಕ್ಷಿಣ ತುದಿಯ ಸುಮಾರು 7,430 ಮೀಟರಿನ ಆಳ ದಕ್ಷಿಣ ಮಹಾಸಾಗರದ ಅತಿ ಆಳದ ಜಾಗವಾಗುತ್ತದೆ. 2019ರ ಫೆಬ್ರವರಿಯಲ್ಲಿ ವಿಕ್ಟರ್ ವೆಸ್ಕೊವೊ ಎಂಬ ಅಮೆರಿಕನ್ ಅಲ್ಲಿಗೆ ಇಳಿದು ಬಂದರು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ತನ್ನ ನಕ್ಷೆಗಳಲ್ಲಿ ಈ ಐದನೆಯ ಸಾಗರವನ್ನು ಒಪ್ಪಿಕೊಂಡದ್ದು 2021ರ ಜೂನ್ 8ರಂದು.

ಭಾರತದ ಮೊದಲ ತಂಡ ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ 1981ರ ಡಿಸೆಂಬರ್ 6ರಂದು ಗೋವಾ ಬಿಟ್ಟು, ಪೋಲಾರ್ ಸರ್ಕಲ್ ಎಂಬ ನಾರ್ವೆಯ ಹಡಗಿನಲ್ಲಿ ಈ ವೃತ್ತ ದಾಟಿ, 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿಯಿತು. 1983ರಲ್ಲಿ ನಾವು ಒಪ್ಪಂದ ಸೇರಿದೆವು, ಅದೇ ವರ್ಷ ಮತ ಹಾಕುವ ಸದಸ್ಯರೂ ಆದೆವು. ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ಒಂದರ ನಂತರ ಒಂದು ಬಂದವು. ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋಯಿತು. ಮೈತ್ರಿಯನ್ನು ಬಂಡೆಯ ಮೇಲೆ ಕಟ್ಟಿದರು. ಆ ಯಾತ್ರೆಗಳಲ್ಲಿ ಹಡಗಿನಿಂದ ನೆಲಕ್ಕೆ ಜನರನ್ನೂ ಸಾಮಾನನ್ನೂ ಸಾಗಿಸಿದವುಗಳಲ್ಲಿ ಎಚ್‌ಎಎಲ್ ಕಟ್ಟಿದ ಚೇತಕ್ ಹೆಲಿಕಾಪ್ಟರ್‌ಗಳೂ ಇದ್ದವು. ಚೇತಕ್‌ನ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್‌ಗಳಿಗಾಗಿ 2023ರ ಫೆಬ್ರವರಿಯಲ್ಲಿ ಕಾರ್ಖಾನೆ ತೆರೆದದ್ದು ಇಲ್ಲೇ, ನಮ್ಮ ಬಿದರೆಹಳ್ಳ ಕಾವಲಿನಲ್ಲಿ.

2022ರಲ್ಲಿ ನಮ್ಮ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯನ್ನು ಮಾಡಿತು. ಆಗಸ್ಟ್ 6ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ವ್ಯಾಪ್ತಿಯೂ 60 ಡಿಗ್ರಿಯಿಂದ ಕೆಳಕ್ಕೆ. ಭಾರತೀಯ ಯಾತ್ರೆ ಅಲ್ಲಿಗೆ ಹೋಗಲು ಅನುಮತಿ ಬೇಕು. ಅನುಮತಿ ಇಲ್ಲದೆ ಖನಿಜಕ್ಕಾಗಿ ಕೊರೆದರೆ, ಅಲ್ಲಿಗೆ ಸೇರದ ಪ್ರಾಣಿ, ಗಿಡ, ಸೂಕ್ಷ್ಮಜೀವಿಯನ್ನು ಒಯ್ದರೆ ಏಳು ವರ್ಷದವರೆಗೆ ಜೈಲು. ನಮ್ಮ ತೋಟದ ಮಣ್ಣು ಬೂಟಿನಡಿ ಅಂಟಿಕೊಂಡು ಹೋದರೂ ಅದರೊಳಗೆ ಇಂಥ ಜೀವಿಗಳಿರುತ್ತವೆ. ಹೊರಡುವ ಮೊದಲು ಬೂಟು, ಬಟ್ಟೆ ಎಲ್ಲವನ್ನೂ ತೊಳೆದುಕೊಳ್ಳಬೇಕು. ಅಣು ಸ್ಫೋಟಕ್ಕೆ 20 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ನಮ್ಮ ಗಡಿಯ ಹೊರಗೆ, ಯಾರದೂ ಅಲ್ಲದ ಜಾಗದಲ್ಲಿ ನಮ್ಮವರು ಹೇಗೆ ನಡೆದುಕೊಳ್ಳಬೇಕೆಂದು ನಾವೇ ಬರೆದುಕೊಂಡ ಕಾನೂನು ಇದು. ಇದನ್ನು ಓದಿದಾಗ ನನಗೆ ಹೆಮ್ಮೆಯಾಯಿತು.

ಮಳೆಯ ಮಾತು ಇಲ್ಲದೆ ಈ ಸೀಮೆಯಲ್ಲಿ ಉಪನ್ಯಾಸ ಮುಗಿಸಲಾಗದು. ಜೂನ್‌ನಲ್ಲಿ ನಮ್ಮ ಮೇಲೆ ಬರುವ ಮುಂಗಾರು ಗಾಳಿಯ ಬೇರು ದಕ್ಷಿಣಾರ್ಧ ಗೋಳದಲ್ಲಿದೆ. 30 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಮಸ್ಕರೀನ್ ಎಂಬ ಅಧಿಕ ಒತ್ತಡದ ಪ್ರದೇಶವಿದೆ. ಅಲ್ಲಿಂದ ಹೊರಟ ಗಾಳಿ ಆಫ್ರಿಕದ ಅಂಚಿನಲ್ಲಿ ಸಮಭಾಜಕ ದಾಟಿ, ತಿರುಗಿ, ಅರಬ್ಬೀ ಸಮುದ್ರದ ತೇವ ಹೊತ್ತು ಘಟ್ಟಕ್ಕೆ ಬರುತ್ತದೆ. ಆ ಅಧಿಕ ಒತ್ತಡದ ದಕ್ಷಿಣದ ನೆರೆಯೇ 60 ಡಿಗ್ರಿಯ ಸುತ್ತಲಿನ ಕಡಿಮೆ ಒತ್ತಡದ ಪಟ್ಟಿ. ಒಂದು ಏರುಪೇರಾದರೆ ಇನ್ನೊಂದು ಸುಮ್ಮನಿರುವುದಿಲ್ಲ. ಅಲ್ಲಿ ಏನಾಗುತ್ತಿದೆ ಎಂಬುದಕ್ಕೆ ಒಂದು ಅಳತೆ ಕೊಡುತ್ತೇನೆ. ಚಳಿಗಾಲದ ಕೊನೆಗೆ, ಸೆಪ್ಟೆಂಬರ್‌ನಲ್ಲಿ, ಅಂಟಾರ್ಕ್ಟಿಕಾದ ಸುತ್ತ ಹೆಪ್ಪುಗಟ್ಟುವ ಸಮುದ್ರದ ವಿಸ್ತಾರ ಸಾಮಾನ್ಯವಾಗಿ ಸುಮಾರು 1.85 ಕೋಟಿ ಚದರ ಕಿಲೋಮೀಟರ್, ಭಾರತದ ಐದೂವರೆ ಪಟ್ಟು. ಅದರ ಅಂಚು ಹಲವು ಕಡೆ ನಮ್ಮ ವೃತ್ತದವರೆಗೆ ಬರುತ್ತದೆ. 2023ರಲ್ಲಿ ಅದು 1.7 ಕೋಟಿಯನ್ನೂ ಮುಟ್ಟಲಿಲ್ಲ. ಉಪಗ್ರಹಗಳು ಅಳೆಯತೊಡಗಿದ ಮೇಲೆ ಅಷ್ಟು ಕಡಿಮೆ ಆದದ್ದು ಅದೇ ಮೊದಲು. ಅದೇ ವರ್ಷ ಫೆಬ್ರವರಿಯಲ್ಲಿ ಬೇಸಿಗೆಯ ಹಿಮ 18 ಲಕ್ಷಕ್ಕೆ ಇಳಿದಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2048ಕ್ಕೆ ಒಪ್ಪಂದ ಮುಗಿಯುತ್ತದೆ, ಆಮೇಲೆ ಯಾರು ಬೇಕಾದರೂ ಗಣಿ ಅಗೆಯಬಹುದು ಎಂದು ಹೇಳುವವರಿದ್ದಾರೆ. ಹಾಗಿಲ್ಲ. ಗಣಿಗಾರಿಕೆಯನ್ನು ನಿಷೇಧಿಸಿದ್ದು 1991ರ ಮ್ಯಾಡ್ರಿಡ್ ಒಡಂಬಡಿಕೆ. ಅದು ಜಾರಿಗೆ ಬಂದದ್ದು 1998ರಲ್ಲಿ. ಅಲ್ಲಿಂದ 50 ವರ್ಷ ಕಳೆದ ಮೇಲೆ ಮತ ಹಾಕುವ ಯಾವ ಸದಸ್ಯ ದೇಶ ಬೇಕಾದರೂ ಮರುಪರಿಶೀಲನೆಯ ಸಭೆ ಕರೆಯಬಹುದು, ಅಷ್ಟೆ. ನಿಷೇಧ ತಾನಾಗಿ ಬೀಳುವುದಿಲ್ಲ. ಆದರೆ ಆ ಸಭೆ ಕರೆದರೆ ಅಲ್ಲಿ ಭಾರತದ ಪರವಾಗಿ ಮಾತನಾಡುವವರು ಇಂದು ಪ್ರೌಢಶಾಲೆಯಲ್ಲಿರುವವರ ಪೀಳಿಗೆಯವರು.

ಅಷ್ಟು ಕಾಯಬೇಕಾಗಿಲ್ಲ. ಜೀವ ಸಂಪತ್ತಿನ ಒಪ್ಪಂದದ ಆಯೋಗ ಪ್ರತಿ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯದ ಹೋಬಾರ್ಟ್‌ನಲ್ಲಿ ಸೇರುತ್ತದೆ. 27 ಸದಸ್ಯರಲ್ಲಿ ಭಾರತವೂ ಒಂದು. ಅದು 2009ರಲ್ಲಿ ದಕ್ಷಿಣ ಆರ್ಕ್ನಿಯ ದಕ್ಷಿಣಕ್ಕೂ, 2016ರಲ್ಲಿ ರಾಸ್ ಸಮುದ್ರದಲ್ಲೂ ರಕ್ಷಿತ ಕಡಲನ್ನು ಗುರುತಿಸಿತು. ಪೂರ್ವ ಅಂಟಾರ್ಕ್ಟಿಕಾದ, ಅಂದರೆ ನಮ್ಮ ಕಡೆಯ ಸಮುದ್ರಕ್ಕೂ ಅಂಥ ರಕ್ಷಣೆ ಬೇಕೆಂಬ ಪ್ರಸ್ತಾವವನ್ನು ಭಾರತ 2021ರಲ್ಲಿ ಬೆಂಬಲಿಸಿತು. ಆ ಆಯೋಗದಲ್ಲಿ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ನಿಂತುಹೋಗುತ್ತದೆ. ಈ ಪ್ರಸ್ತಾವ ವರ್ಷಾನುಗಟ್ಟಲೆ ನಿಂತದ್ದು ಹಾಗೆಯೇ. ಈ ಅಕ್ಟೋಬರ್‌ನಲ್ಲಿ ಹೋಬಾರ್ಟ್‌ನಿಂದ ಏನು ಸುದ್ದಿ ಬಂತು, ನಮ್ಮ ಪ್ರತಿನಿಧಿಗಳು ಏನು ಹೇಳಿದರು ಎಂದು ವಾಚನಾಲಯದ ಪತ್ರಿಕೆಗಳಲ್ಲಿ ಹುಡುಕಿ. ಸಿಗದಿದ್ದರೆ ನಿಮ್ಮ ಸಂಸದರಿಗೆ ಒಂದು ಕಾಗದ ಬರೆದು ಕೇಳಿ.